ದಾರಿಯ ತಪ್ಪಿಗೆ ದಾರಿಗನಿಗೆ ದಂಡ

ಅವಿವೇಕಿ ಅರಸನ ಕಥೆಯನ್ನು ಕನ್ನಡನಾಡಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವುದುಂಟು. ಕನ್ನ ಕೊರೆಯಹೋದ ಕಳ್ಳನ ಮೇಲೆ ಗೋಡೆ ಕುಸಿದು ಅವನು ಸತ್ತನಂತೆ. ಗೋಡೆ ಭದ್ರವಾಗಿರಲಿಲ್ಲವೆಂದು ಮನೆಯ ಯಜಮಾನನನ್ನು ಹಿಡಿದು ತಂದರಂತೆ. ಯಜಮಾನನು ಗೋಡೆ ಕಟ್ಟಿದವನ ಕಡೆಗೆ ಬೆರಳು ತೋರಿಸಿದನು. ಕಟ್ಟಿದವನು ಮತ್ತೊಬ್ಬರ ಕಡೆಗೆ ತೋರಿಸಿದನು. ಹೀಗೆ ಅಪರಾಧವು ಬೀದಿಯಿಂದ ಬೀದಿಗೆ ಅಲೆದು, ಕಟ್ಟಕಡೆಗೆ ಆ ಗೋಡೆಯನ್ನು ಮುಟ್ಟಿಯೂ ಅರಿಯದವನೊಬ್ಬನು, ಶೂಲದ ಅಳತೆಗೆ ಮೈ ಸರಿಹೊಂದಿತೆಂಬ ಒಂದೇ ಕಾರಣದಿಂದ, ಶೂಲಕ್ಕೆ ಗುರಿಯಾದನಂತೆ. ಕಥೆಯನ್ನು ಕೇಳಿದ ಮಕ್ಕಳು ನಗುತ್ತಾರೆ. ಅಂತಹ ಊರು ಎಲ್ಲಿಯಾದರೂ ಇದ್ದೀತೇ ಎಂಬುದೇ ಆ ನಗುವಿನ ಅರ್ಥ.

ಅಂತಹ ಊರು ಉಂಟು. ಯಂತ್ರವಿದ್ಯೆಯಲ್ಲಿ ಮುಂದಾಳೆನಿಸಿದ ದೇಶದಲ್ಲಿ, ದೀಪಗಳ ಝಗಝಗಾಟದಲ್ಲಿ ಹಗಲಿರುಳುಗಳ ಭೇದವೇ ಅಳಿದ ಪಟ್ಟಣದಲ್ಲಿ, ಲೋಕವೆಲ್ಲ ನೋಡುತ್ತಿರುವಂತೆಯೇ, 2023ನೆಯ ಇಸವಿಯ ನವಂಬರಿನಲ್ಲಿ ಆ ಕಥೆ ನಡೆದುಹೋಯಿತು. ಕೆಟ್ಟದ್ದು ರಸ್ತೆ, ದಂಡ ತೆತ್ತವನು ಅದರ ಮೇಲೆ ಹಾದುಹೋದವನು. ರಸ್ತೆಯನ್ನು ಅಣಿಮಾಡಿದವರೂ, ಅದನ್ನು ಪರೀಕ್ಷಿಸಿ ಒಪ್ಪಿದವರೂ, ಅದರಿಂದ ಹಣ ಗಳಿಸಿದವರೂ ಆ ಪಂದ್ಯದ ದಂಡನೆಯ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ದೃಷ್ಟಾಂತವು ಸುಲಭವಾಗಿ ದೊರೆಯಲಾರದು.

ನಡೆದ ಸಂಗತಿ ಇಷ್ಟು. ಫಾರ್ಮುಲಾ ಒನ್ ಎಂಬುದು ಜಗತ್ತಿನ ಹಲವು ದೇಶಗಳಲ್ಲಿ ವರ್ಷವಿಡೀ ನಡೆಯುವ ಮೋಟಾರು ಪಂದ್ಯಗಳ ಮಾಲೆ. 2023ರಲ್ಲಿ ಅದರ ಒಂದು ಪಂದ್ಯವನ್ನು ಅಮೆರಿಕದ ಲಾಸ್ ವೇಗಸ್ ಪಟ್ಟಣದ ರಾಜಬೀದಿಗಳಲ್ಲಿಯೇ ನಡೆಸಲು ಏರ್ಪಾಟಾಯಿತು. ಬೀದಿಗಳಿಗೆ ಹೊಸ ಡಾಂಬರು ಹಾಸಿ, ಇಕ್ಕೆಲಗಳಲ್ಲಿ ತಡೆಗೋಡೆಗಳನ್ನು ನಿಲ್ಲಿಸಿ, ಸುಮಾರು 6.2 ಕಿಲೋಮೀಟರು ಉದ್ದದ ಓಟದ ಹಾದಿಯನ್ನು ಸಿದ್ಧಪಡಿಸಿದರು. ನವಂಬರು 16ನೆಯ ತಾರೀಖು ಗುರುವಾರ ರಾತ್ರಿ ಮೊದಲನೆಯ ಅಭ್ಯಾಸದ ಓಟ. ಅದು ಮೊದಲಾಗಿ ಎಂಟು ನಿಮಿಷಗಳು ಕಳೆದಿದ್ದುವೋ ಇಲ್ಲವೋ, ಫೆರಾರಿ ತಂಡದ ಸ್ಪೇನ್ ದೇಶದ ಚಾಲಕ ಕಾರ್ಲೋಸ್ ಸೈಂಜ್ ಎಂಬವನ ಬಂಡಿಯು, ಗಂಟೆಗೆ 300 ಕಿಲೋಮೀಟರನ್ನು ಮೀರಿ ಓಡತಕ್ಕ ನೇರ ಹಾದಿಯಲ್ಲಿ, ದಡಾರನೆ ಏನನ್ನೋ ಬಡಿದು ಕಿಡಿಗಳನ್ನು ಚೆಲ್ಲುತ್ತ ನಿಂತುಹೋಯಿತು. ನೆಲದಡಿಯ ನೀರಿನ ಕೊಳಾಯಿಯ ವಾಲ್ವಿಗೆ ಹೊದಿಸಿದ್ದ ಕಬ್ಬಿಣದ ಮುಚ್ಚಳವೊಂದರ ಸುತ್ತಲಿನ ಕಾಂಕ್ರೀಟು ಚೌಕಟ್ಟು ಒಡೆದು, ಮುಚ್ಚಳವು ಮೇಲೆದ್ದು ಬಂಡಿಯ ಒಡಲನ್ನು ಸೀಳಿತ್ತು. ಚಾಲಕನು ಬದುಕಿದ್ದು ಪುಣ್ಯ. ಬಂಡಿಯಲ್ಲಿ ಮಾತ್ರ ಚಾಸಿ, ಎಂಜಿನು, ವಿದ್ಯುತ್ತನ್ನು ಶೇಖರಿಸುವ ಬ್ಯಾಟರಿ, ಅದರ ನಿಯಂತ್ರಣ ಯಂತ್ರ ಇವೆಲ್ಲವನ್ನೂ ಬದಲಾಯಿಸಬೇಕಾಯಿತು. ಆಲ್ಪೀನ್ ತಂಡದ ಎಸ್ಟೆಬಾನ್ ಓಕಾನ್ ಎಂಬವನ ಬಂಡಿಗೂ ಅಲ್ಲಿಯೇ ಪೆಟ್ಟು ಬಿದ್ದು ಅದರ ಚಾಸಿಯೂ ಕೆಲಸಕ್ಕೆ ಬಾರದಂತಾಯಿತು.

ಓಟವನ್ನು ಅಲ್ಲಿಗೇ ನಿಲ್ಲಿಸಿದರು. ಹಾದಿಯಲ್ಲಿದ್ದ ಅಂತಹ ಮುಚ್ಚಳಗಳನ್ನೆಲ್ಲ ತೆಗೆಸಿ, ಗುಂಡಿಗಳಿಗೆ ಮರಳನ್ನೂ ಡಾಂಬರನ್ನೂ ತುಂಬಿಸಿದರು. ಎರಡನೆಯ ಅಭ್ಯಾಸವು ನಡುರಾತ್ರಿಯ ಬದಲು ಬೆಳಗಿನ ಜಾವ ಎರಡೂವರೆ ಗಂಟೆಗೆ ಮೊದಲಾಯಿತು. ಫೆರಾರಿಯ ಕೆಲಸಗಾರರು ಆ ಕೆಲವು ಗಂಟೆಗಳಲ್ಲಿ ಒಂದು ಬಂಡಿಯನ್ನು ಬುಡದಿಂದ ಕಟ್ಟಿ ನಿಲ್ಲಿಸಿದರು. ಆ ಬಂಡಿಯಲ್ಲಿಯೇ ಓಡಿ ಸೈಂಜನು ಎರಡನೆಯ ಅತ್ಯಂತ ವೇಗದ ಸುತ್ತನ್ನು ದಾಖಲಿಸಿದನು. ಮರುದಿನದ ಅರ್ಹತೆಯ ಓಟದಲ್ಲಿಯೂ ಅವನಿಗೆ ಎರಡನೆಯ ಸ್ಥಾನವೇ ದೊರೆಯಿತು. ಆದರೂ ಪಂದ್ಯದ ಸಾಲಿನಲ್ಲಿ ಅವನು ನಿಂತದ್ದು ಹನ್ನೆರಡನೆಯವನಾಗಿ.

ಏಕೆ? ಅಂದಿನ ನಿಯಮದಂತೆ ಒಬ್ಬ ಚಾಲಕನು ಇಡೀ ವರ್ಷದಲ್ಲಿ ಎರಡು ಬ್ಯಾಟರಿಗಳಿಗಿಂತ ಹೆಚ್ಚು ಬಳಸಕೂಡದು. ಬಳಸಿದರೆ ಹತ್ತು ಸ್ಥಾನ ಹಿಂದೆ ನಿಲ್ಲಬೇಕು. ಮುಚ್ಚಳದ ಪೆಟ್ಟಿಗೆ ಹಾಳಾದ ಬ್ಯಾಟರಿಯ ಬದಲಿಗೆ ಹಾಕಿದ್ದು ಮೂರನೆಯದು. ವಿನಾಯಿತಿ ಕೊಡಬೇಕೆಂದು ಫೆರಾರಿ ತಂಡದವರು ಬೇಡಿಕೊಂಡರು. ಪಂದ್ಯದ ತೀರ್ಪುಗಾರರು ವಿಚಾರಿಸಿ, ಹಾನಿಯು ತೀರ ಅಪರೂಪವಾದ ಹೊರಗಿನ ಕಾರಣದಿಂದ ಉಂಟಾದುದೆಂಬುದನ್ನು ಒಪ್ಪಿಕೊಂಡರು. ಅಧಿಕಾರವಿದ್ದಿದ್ದರೆ ವಿನಾಯಿತಿಯನ್ನು ಕೊಟ್ಟೇಬಿಡುತ್ತಿದ್ದೆವೆಂದೂ ಬರೆದರು. ನಿಯಮಪುಸ್ತಕವು ಅಂತಹ ಅಧಿಕಾರವನ್ನು ಕೊಟ್ಟಿಲ್ಲವಾದುದರಿಂದ ದಂಡವನ್ನು ವಿಧಿಸಿದರು. ನಿರಪರಾಧಿಯೆಂದು ಬಾಯಿಂದ ಹೇಳಿ, ಶಿಕ್ಷೆಯೆಂದು ಕೈಯಿಂದ ಬರೆದಂತಾಯಿತು.

ಇದನ್ನು ಸಮರ್ಥಿಸುವವರು ಇಲ್ಲದಿಲ್ಲ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡುವುದು ನ್ಯಾಯ.

ಮೊದಲನೆಯ ಪೂರ್ವಪಕ್ಷವು ನಿಯಮವು ನಿಯಮವೇ ಎಂಬುದು. ಬ್ಯಾಟರಿಗಳ ಸಂಖ್ಯೆಗೆ ಮಿತಿ ಹಾಕಿದುದು ಹಣವಂತ ತಂಡಗಳು ವಾರಕ್ಕೊಂದು ಹೊಸ ಯಂತ್ರವನ್ನು ತಂದು ಬಡವರನ್ನು ಹಿಂದೆ ಹಾಕಬಾರದೆಂದು. ಒಬ್ಬನಿಗೆ ಸಡಿಲಿಸಿದರೆ ನಾಳೆ ಎಲ್ಲರೂ ಒಂದೊಂದು ನೆಪವನ್ನು ಹಿಡಿದು ಬಾಗಿಲಲ್ಲಿ ನಿಲ್ಲುವರು ಎಂದು ಇವರು ಹೇಳುತ್ತಾರೆ. ನಿಯಮದ ಉದ್ದೇಶವು ಒಳ್ಳೆಯದು. ಅದನ್ನು ಯಾರೂ ಅಲ್ಲಗಳೆಯರು. ಆದರೆ ನಿಯಮವನ್ನು ಅದರ ಉದ್ದೇಶದಿಂದ ಬೇರ್ಪಡಿಸಿದ ಮೇಲೆ ಉಳಿಯುವುದೇನು? ಕಬ್ಬನ್ನು ಹಿಂಡಿದ ಮೇಲೆ ಉಳಿಯುವ ಸಿಪ್ಪೆ. ಹಣದ ಬಲದಿಂದ ಬೇಕೆಂದೇ ಹೊಸ ಬ್ಯಾಟರಿಯನ್ನು ಹಾಕಿಕೊಳ್ಳುವವನನ್ನು ತಡೆಯಲು ಹುಟ್ಟಿದ ನಿಯಮವು, ತನ್ನ ಬ್ಯಾಟರಿಯನ್ನು ಇತರರ ರಸ್ತೆಯು ಒಡೆದುಹಾಕಿದ್ದರಿಂದ ಬೇರೆ ದಾರಿಯಿಲ್ಲದೆ ಮತ್ತೊಂದನ್ನು ಹಾಕಿಕೊಂಡವನ ಮೇಲೆ ಬಿದ್ದರೆ, ಅದು ಯಾವ ಉದ್ದೇಶವನ್ನು ಕಾಪಾಡಿತು? ಯಾವ ಬಡ ತಂಡವನ್ನು ಉಳಿಸಿತು? ನೆಪಗಳ ಭಯಕ್ಕೂ ಇಲ್ಲಿ ಅವಕಾಶವಿಲ್ಲ. ಮುಚ್ಚಳವು ಎದ್ದುದನ್ನು ಹೇಳಿದವರು ಫೆರಾರಿಯವರಲ್ಲ. ಈ ಪಂದ್ಯಗಳಿಗೆ ನಿಯಮಗಳನ್ನು ವಿಧಿಸುವ ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವೇ ಸ್ಥಳವನ್ನು ಪರೀಕ್ಷಿಸಿ ಚೌಕಟ್ಟು ಒಡೆದುದನ್ನು ಪ್ರಕಟಿಸಿತು. ನ್ಯಾಯಾಧಿಪತಿಯೇ ಕಣ್ಣಾರೆ ಕಂಡ ಸಾಕ್ಷಿಯನ್ನು ನೆಪವೆಂದು ಕರೆಯುವುದುಂಟೆ?

ಎರಡನೆಯ ವಾದವು ಇನ್ನೂ ಸೂಕ್ಷ್ಮವಾದುದು. ತೀರ್ಪುಗಾರರಿಗೆ ವಿವೇಚನೆಯ ಅಧಿಕಾರವನ್ನು ಕೊಟ್ಟರೆ ಪಕ್ಷಪಾತಕ್ಕೆ ಬಾಗಿಲು ತೆರೆದಂತಾಗುತ್ತದೆ, ಆದುದರಿಂದಲೇ ನಿಯಮಪುಸ್ತಕವು ಅದನ್ನು ಕೊಡಲಿಲ್ಲ ಎಂಬುದು. ಈ ಮಾತು ನಿಜವಾಗಿದ್ದರೆ ಆ ಪುಸ್ತಕದಲ್ಲಿ ಎಲ್ಲಿಯೂ ವಿವೇಚನೆಗೆ ಎಡೆ ಇರಬಾರದಾಗಿತ್ತು. ಆದರೆ ಅದೇ ಪುಸ್ತಕದಲ್ಲಿ ಮತ್ತೊಂದು ನಿಯಮ ಉಂಟು: ಅರ್ಹತೆಯ ಮೊದಲ ಭಾಗದಲ್ಲಿ ಅತ್ಯಂತ ವೇಗಿಯಾದವನು ತೆಗೆದುಕೊಂಡ ಕಾಲದ ನೂರಕ್ಕೆ 107ರೊಳಗೆ ಸುತ್ತನ್ನು ಮುಗಿಸದವನು ಪಂದ್ಯದಲ್ಲಿ ಓಡಕೂಡದು. ಆದರೆ ವಿಶೇಷ ಸಂದರ್ಭಗಳಲ್ಲಿ ಅಂತಹವನನ್ನೂ ಓಡಗೊಡಿಸುವ ಅಧಿಕಾರವನ್ನು ತೀರ್ಪುಗಾರರಿಗೇ ಬಿಟ್ಟಿದ್ದಾರೆ. ಅವರು ಅದನ್ನು ಅನೇಕ ಸಲ ಉಪಯೋಗಿಸಿದ್ದಾರೆ. ಅದರಿಂದ ಪಂದ್ಯವು ಹಾಳಾಗಲಿಲ್ಲ. ಯಂತ್ರದ ದೋಷದಿಂದಲೋ ತನ್ನ ಕೈತಪ್ಪಿನಿಂದಲೋ ಹಿಂದೆ ಬಿದ್ದವನಿಗೂ ದಯೆಯ ಬಾಗಿಲನ್ನು ತೆರೆದಿಟ್ಟ ಪುಸ್ತಕವು, ರಸ್ತೆಯ ದೋಷದಿಂದ ನೊಂದವನಿಗೆ ಅದೇ ಬಾಗಿಲನ್ನು ಮುಚ್ಚಿದುದಕ್ಕೆ ಏನು ಕಾರಣ? ಕಾರಣವು ಒಂದೇ ಆಗಿರಬಲ್ಲದು. ಚಾಲಕನು ತಪ್ಪುವನೆಂದು ನಿಯಮ ಬರೆದವರಿಗೆ ಹೊಳೆದಿತ್ತು. ಹಾದಿಯೇ ತಪ್ಪೀತೆಂದು ಅವರಿಗೆ ಹೊಳೆಯಲೇ ಇಲ್ಲ.

ಹೊಳೆಯಲಿಲ್ಲವೆಂದರೆ ಅದನ್ನು ಮನ್ನಿಸಬಹುದೇ? ಅಪರೂಪ ಎಂಬ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು. 2005ರಲ್ಲಿ ಚೀನಾ ದೇಶದ ಶಾಂಘಾಯಿಯಲ್ಲಿ ಪಂದ್ಯವು ನಡೆಯುತ್ತಿರುವಾಗಲೇ ಮಾಂಟೋಯಾ ಎಂಬವನ ಬಂಡಿಯು ಸಡಿಲಗೊಂಡ ಚರಂಡಿಯ ಮುಚ್ಚಳಕ್ಕೆ ಬಡಿದು ಅವನು ಪಂದ್ಯವನ್ನೇ ಬಿಡಬೇಕಾಯಿತು. 2016ರಲ್ಲಿ ಮೊನಾಕೊ ಪಟ್ಟಣದ ಬೀದಿಯಲ್ಲಿ ಮುಂದಿನ ಬಂಡಿಯಿಂದ ಮೇಲೆದ್ದ ಮುಚ್ಚಳವು ಹಿಂದೆ ಬರುತ್ತಿದ್ದ ಜೆನ್ಸನ್ ಬಟನ್ ಎಂಬವನ ಬಂಡಿಗೆ ಅಪ್ಪಳಿಸಿತು. 2017ರಲ್ಲಿ ಮಲೇಶಿಯದ ಸೆಪಾಂಗಿನಲ್ಲಿ ರೊಮೇನ್ ಗ್ರೋಜಾನ್ ಎಂಬವನ ಚಕ್ರವನ್ನು ಅಂತಹುದೇ ಮುಚ್ಚಳವು ಸೀಳಿ ಬಂಡಿಯನ್ನು ತಡೆಗೋಡೆಗೆ ಎಸೆಯಿತು. 2019ರಲ್ಲಿ ಬಾಕು ಪಟ್ಟಣದಲ್ಲಿ ಜಾರ್ಜ್ ರಸೆಲ್ ಎಂಬವನ ಬಂಡಿಯ ಒಡಲು ಹೀಗೆಯೇ ಒಡೆಯಿತು. ಸಾಲದುದಕ್ಕೆ, ಒಡೆದ ಬಂಡಿಯನ್ನು ಹೊತ್ತುಕೊಂಡು ಬರುತ್ತಿದ್ದ ಲಾರಿಯ ಎತ್ತುಯಂತ್ರವು ದಾರಿಯ ಸೇತುವೆಗೆ ತಗುಲಿ, ಅದರ ಎಣ್ಣೆಯೂ ಬಂಡಿಯ ಮೇಲೆ ಸುರಿಯಿತು. ಹದಿನೆಂಟು ವರ್ಷಗಳಲ್ಲಿ ನಾಲ್ಕು ದೇಶಗಳಲ್ಲಿ ನಾಲ್ಕು ಸಲ ಕಬ್ಬಿಣವು ನೆಲದಿಂದೆದ್ದು ಎಚ್ಚರಿಸಿದ ಮೇಲೂ ಐದನೆಯದನ್ನು ಅಪರೂಪವೆನ್ನುವುದು, ಪ್ರತಿ ಮಳೆಗಾಲದಲ್ಲಿಯೂ ಸೋರುವ ಮನೆಯವನು ಪ್ರತಿ ಮಳೆಗಾಲದಲ್ಲಿಯೂ ಬೆರಗಾದಂತೆ.

ಮೂರನೆಯ ವಾದವನ್ನು ಹೂಡುವವರು ದೋಷವನ್ನು ಬಂಡಿಯ ಮೇಲೆಯೇ ಹೊರಿಸುತ್ತಾರೆ. ಸಾಮಾನ್ಯವಾದ ಮೋಟಾರು ಬಂಡಿಗಳು ಆ ಬೀದಿಯಲ್ಲಿ ದಿನಂಪ್ರತಿ ಸಾವಿರಗಟ್ಟಲೆ ಓಡಾಡುತ್ತವೆ, ಯಾವುದಕ್ಕೂ ಪೆಟ್ಟಾಗಲಿಲ್ಲ. ನೆಲವನ್ನು ನೆಕ್ಕುವಷ್ಟು ತಗ್ಗಾದ ಬಂಡಿಯನ್ನು ಕಟ್ಟಿಕೊಂಡು ಬಂದವನೇ ಅದರ ಫಲವನ್ನು ಉಣ್ಣಬೇಕು ಎಂದು ಅವರ ತರ್ಕ. ಕೇಳುವುದಕ್ಕೆ ಇಂಪಾದ ಈ ಮಾತು ವಿಚಾರಕ್ಕೆ ನಿಲ್ಲದು. ಈ ಬಂಡಿಗಳು ತಗ್ಗಾಗಿರುವುದು ಚಾಲಕನ ಹುಚ್ಚಿನಿಂದಲ್ಲ. ಬಂಡಿಯ ಅಡಿಯಲ್ಲಿ ಇಕ್ಕಟ್ಟಾದ ಎಡೆಯಲ್ಲಿ ಗಾಳಿಯು ರಭಸದಿಂದ ಹರಿಯುವಾಗ ಅಲ್ಲಿಯ ಒತ್ತಡವು ಕುಗ್ಗುತ್ತದೆ. ಮೇಲಿನ ಗಾಳಿಯು ಬಂಡಿಯನ್ನು ನೆಲಕ್ಕೆ ಅದುಮುತ್ತದೆ. ಅದರಿಂದ ತಿರುವುಗಳಲ್ಲಿ ಚಕ್ರಗಳು ಜಾರದೆ ಹಿಡಿದು ನಿಲ್ಲುತ್ತವೆ. 2022ರಿಂದ ಜಾರಿಗೆ ಬಂದ ನಿಯಮಗಳೇ ಬಂಡಿಗಳು ಮೇಲಿನ ರೆಕ್ಕೆಗಳಿಗಿಂತ ಅಡಿಯ ಗಾಳಿಯನ್ನೇ ಹೆಚ್ಚಾಗಿ ನೆಚ್ಚುವಂತೆ ಮಾಡಿದುವು. ನಿಯಮವೇ ಬಾಗು ಎಂದಾಗ ಬಾಗಿದವನನ್ನು ಏಕೆ ಬಾಗಿದೆ ಎಂದು ಕೇಳುವುದು ಯಾವ ಧರ್ಮ?

ಇಷ್ಟೇ ಅಲ್ಲ. ಬಂಡಿಯ ಅಡಿಯಲ್ಲಿ ಹುಟ್ಟುವ ಈ ಹೀರುವಿಕೆಯು ಬಂಡಿಯನ್ನು ಕೆಳಗೆ ಎಳೆಯುವಂತೆಯೇ, ನೆಲದಲ್ಲಿ ಸಡಿಲವಾಗಿರುವುದನ್ನು ಮೇಲಕ್ಕೂ ಎಳೆಯುತ್ತದೆ. ಮನೆಯ ಮುಂದೆ ಲಾರಿ ಭರ್ರನೆ ಹೋದಾಗ ತರಗೆಲೆಗಳು ಎದ್ದು ಬೆನ್ನಟ್ಟುವುದನ್ನು ಕಂಡವರಿಗೆ ಇದರ ಛಾಯೆಯಾದರೂ ತಿಳಿದೀತು. ಇಲ್ಲಿ ಏಳತಕ್ಕುದು ತರಗೆಲೆಯಲ್ಲ, ಕಬ್ಬಿಣದ ತಟ್ಟೆ. ಬೀದಿಗಳಲ್ಲಿ ಪಂದ್ಯವನ್ನು ನಡೆಸುವ ಮುನ್ನ ಮುಚ್ಚಳಗಳನ್ನು ಬೆಸುಗೆ ಹಾಕಿ ಬಿಗಿಯುವ ಪದ್ಧತಿ ಬಂದಿರುವುದೇ ಈ ಕಾರಣದಿಂದ. ಅಂದಮೇಲೆ ಈ ಅಪಾಯವು ಪಂದ್ಯ ನಡೆಸುವವರಿಗೆ ತಿಳಿಯದ್ದೇನೂ ಅಲ್ಲ. ತಗ್ಗಾದ ಬಂಡಿಗಳು ಬರುವುವೆಂದು ಬಲ್ಲವರೇ ಅವುಗಳನ್ನು ಬರಮಾಡಿಕೊಂಡರು. ಅವುಗಳ ಓಟವನ್ನು ತೋರಿಸುವೆವೆಂದು ಚೀಟಿಗಳನ್ನು ಮಾರಿದರು. ಅತಿಥಿಯು ಎತ್ತರದವನೆಂದು ತಿಳಿದೂ ತಗ್ಗು ಬಾಗಿಲಲ್ಲಿ ಕರೆದು, ಹಣೆ ಒಡೆದಾಗ ಉದ್ದವಾಗಿ ಬೆಳೆದುದು ನಿನ್ನ ತಪ್ಪೆಂದರೆ ಅದು ಆತಿಥ್ಯವೆನಿಸದು.

ಬಂಡಿಯ ತಗ್ಗನ್ನು ಕುರಿತು ಈ ಒಕ್ಕೂಟದವರು ಎಷ್ಟು ಕಟ್ಟುನಿಟ್ಟೆಂಬುದಕ್ಕೆ ಹತ್ತಿರದ ನಿದರ್ಶನವೇ ಇದೆ. ಬಂಡಿಯು ಮಿತಿಮೀರಿ ತಗ್ಗಬಾರದೆಂದು ಅದರ ಅಡಿಯಲ್ಲಿ 10 ಮಿಲಿಮೀಟರು ದಪ್ಪದ ಹಲಗೆಯೊಂದನ್ನು ಕಟ್ಟಿರುತ್ತಾರೆ. ಪಂದ್ಯ ಮುಗಿಯುವಷ್ಟರಲ್ಲಿ ಅದು ಸವೆದು 9 ಮಿಲಿಮೀಟರಿಗಿಂತ ಕಡಮೆಯಾಗಿದ್ದರೆ ಓಡಿದ ಓಟವೆಲ್ಲ ವ್ಯರ್ಥ. ಲಾಸ್ ವೇಗಸ್ಸಿನ ಪಂದ್ಯಕ್ಕೆ ನಾಲ್ಕು ವಾರಗಳ ಹಿಂದೆ, 2023ರ ಅಕ್ಟೋಬರು 22ರಂದು, ಅದೇ ದೇಶದ ಆಸ್ಟಿನ್ನಿನಲ್ಲಿ ಎರಡನೆಯವನಾಗಿ ಬಂದ ಲೂಯಿಸ್ ಹ್ಯಾಮಿಲ್ಟನ್ನನನ್ನೂ ಆರನೆಯವನಾಗಿ ಬಂದ ಫೆರಾರಿಯ ಷಾರ್ಲ್ ಲಕ್ಲೇರನನ್ನೂ ಈ ಹಲಗೆಯ ಸವೆತಕ್ಕಾಗಿಯೇ ಪಂದ್ಯದಿಂದ ಹೊರಹಾಕಿದರು. ಒಳ್ಳೆಯದು, ಅಳತೆ ಎಂದರೆ ಅಳತೆಯೇ ಸರಿ. ಆದರೆ ಬಂಡಿಯ ಅಡಿಯನ್ನು ಒಂದು ಮಿಲಿಮೀಟರಿನವರೆಗೆ ಅಳೆಯುವ ಕಣ್ಣು, ಅದೇ ಬಂಡಿಯ ಅಡಿಯಲ್ಲಿರುವ ರಸ್ತೆಯ ಕಾಂಕ್ರೀಟನ್ನು ನೋಡುವಾಗ ಏಕೆ ಮಂಜಾಯಿತು? ಹಲಗೆ ಸವೆದರೆ ಓಡಿಸಿದವನಿಗೆ ಶಿಕ್ಷೆ. ರಸ್ತೆ ಒಡೆದರೂ ಓಡಿಸಿದವನಿಗೇ ಶಿಕ್ಷೆ. ಎರಡು ತಕ್ಕಡಿಗಳಲ್ಲಿಯೂ ಕಲ್ಲು ಒಂದೇ ಕಡೆಗೆ ವಾಲುತ್ತದೆ.

ಈ ದಂಡವು ತಪ್ಪನ್ನು ಅಳೆಯಲೇ ಇಲ್ಲವೆಂಬುದಕ್ಕೆ ಓಕಾನನ ಬಂಡಿಯೇ ಸಾಕ್ಷಿ. ಅದೇ ರಾತ್ರಿ, ಅದೇ ಹಾದಿ, ಅದೇ ಬಗೆಯ ಪೆಟ್ಟು. ಆದರೆ ಅವನ ಬಂಡಿಯಲ್ಲಿ ಕೆಟ್ಟದ್ದು ಚಾಸಿ. ಚಾಸಿಯನ್ನು ಬದಲಾಯಿಸಿದ್ದಕ್ಕೆ ಇಂತಹ ದಂಡವಿಲ್ಲ. ಸೈಂಜನ ಬಂಡಿಯಲ್ಲಿ ಪೆಟ್ಟು ಬ್ಯಾಟರಿಯವರೆಗೂ ಹೋಯಿತು. ಬ್ಯಾಟರಿಗೆ ಮಿತಿ ಉಂಟು. ಹೀಗೆ ಒಬ್ಬನಿಗೆ ಹತ್ತು ಸ್ಥಾನಗಳ ದಂಡ, ಮತ್ತೊಬ್ಬನಿಗೆ ಏನೂ ಇಲ್ಲ. ಇಬ್ಬರ ನಡತೆಯಲ್ಲಿ ಇದ್ದ ವ್ಯತ್ಯಾಸವೇನು? ಏನೂ ಇಲ್ಲ. ವ್ಯತ್ಯಾಸವಿದ್ದುದು ಕಬ್ಬಿಣವು ಎಲ್ಲಿಯವರೆಗೆ ತಾಗಿತೆಂಬುದರಲ್ಲಿ ಮಾತ್ರ. ಅಪರಾಧವನ್ನು ನೋಡದೆ ಗಾಯದ ಜಾಗವನ್ನು ನೋಡಿ ಶಿಕ್ಷೆಯನ್ನು ಗೊತ್ತುಮಾಡುವ ನ್ಯಾಯಕ್ಕೂ, ಶೂಲದ ಅಳತೆಗೆ ಮೈಯನ್ನು ಹುಡುಕಿದ ಅರಸನ ನ್ಯಾಯಕ್ಕೂ ಎಷ್ಟು ದೂರ?

ನಾಲ್ಕನೆಯದಾಗಿ, ವಿನಾಯಿತಿ ಕೊಟ್ಟರೆ ಎದುರಾಳಿಗಳಿಗೆ ಅನ್ಯಾಯವಾಗುತ್ತದೆಂದು ಹೇಳುವವರುಂಟು. ಹೊಸ ಬ್ಯಾಟರಿಯು ಹಳೆಯದಕ್ಕಿಂತ ಅಷ್ಟಿಷ್ಟು ಚುರುಕಾಗಿರಬಹುದು. ಆ ಲಾಭವು ಒಬ್ಬನಿಗೇ ಏಕೆ ಸಿಗಬೇಕು ಎಂಬುದು ಇವರ ಆಕ್ಷೇಪ. ಇದರಲ್ಲಿ ಒಂದು ಕಾಳಷ್ಟು ಸತ್ಯವಿದೆ. ಆ ಕಾಳಿಗೆ ತಕ್ಕ ಪರಿಹಾರವೂ ಇದೆ. ಕೆಟ್ಟುದರಷ್ಟೇ ಬಳಕೆಯಾದ ಬ್ಯಾಟರಿಯು ತಂಡದ ಬಳಿ ಇದ್ದರೆ ಅದನ್ನೇ ಹಾಕಬೇಕೆಂದು ವಿಧಿಸಬಹುದು. ಇಲ್ಲದಿದ್ದರೆ ಆ ಸಣ್ಣ ಲಾಭಕ್ಕೆ ತಕ್ಕ ಸಣ್ಣ ಕಡಿತವನ್ನು ಹಾಕಬಹುದು. ಕಾಳಿಗಾಗಿ ಕಣಜಕ್ಕೆ ಬೆಂಕಿ ಇಡುವುದು ಬೇಡ. ಎದುರಾಳಿಗೆ ದಕ್ಕಬೇಕಾದುದು ಗೆದ್ದುದು ಮಾತ್ರ. ಮುಚ್ಚಳದಿಂದ ಉದುರಿ ಬಿದ್ದುದು ಅವನ ಸ್ವತ್ತಾಗಲಾರದು. ಇಂದು ಫೆರಾರಿಯ ಸಂಕಟದಲ್ಲಿ ಲಾಭ ಕಂಡವನ ಬಂಡಿಯೂ ತಗ್ಗಿನದೇ. ಅವನು ಓಡಬೇಕಾದ ಬೀದಿಗಳಲ್ಲಿಯೂ ಮುಚ್ಚಳಗಳಿವೆ.

ಹಾನಿಯ ಪ್ರಮಾಣವು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ನವಂಬರು 18ರ ರಾತ್ರಿಯ ಪಂದ್ಯದಲ್ಲಿ ಹನ್ನೆರಡನೆಯ ಸ್ಥಾನದಿಂದ ಹೊರಟ ಸೈಂಜನು ಆರನೆಯವನಾಗಿ ಮುಗಿಸಿ 8 ಅಂಕಗಳನ್ನು ಪಡೆದನು. ದಂಡವಿಲ್ಲದ ಓಕಾನನು ನಾಲ್ಕನೆಯವನಾದನು. ಎಂಟು ದಿನಗಳ ಬಳಿಕ ವರ್ಷದ ಲೆಕ್ಕವು ಮುಗಿದಾಗ ತಂಡಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನವು 409 ಅಂಕಗಳ ಮರ್ಸಿಡಿಸ್ ತಂಡಕ್ಕೆ ಹೋಯಿತು; ಫೆರಾರಿಗೆ ದೊರೆತುದು 406. ಅಂತರವು ಮೂರೇ ಅಂಕ. ಎರಡನೆಯ ಸ್ಥಾನದಿಂದ ಹೊರಟಿದ್ದರೆ ಸೈಂಜನು ಎಷ್ಟನೆಯವನಾಗುತ್ತಿದ್ದನೆಂಬುದನ್ನು ಯಾರೂ ಆಣೆಯಿಟ್ಟು ಹೇಳಲಾರರು. ಮೋಟಾರು ಪಂದ್ಯದಲ್ಲಿ ಅಂತಹ ಆಣೆಗೆ ಬೆಲೆಯಿಲ್ಲ. ಆದರೆ ಆ ಮೂರು ಅಂಕಗಳ ಮೇಲೆ ಮುಚ್ಚಳದ ನೆರಳು ಬಿದ್ದಿಲ್ಲವೆಂದೂ ಯಾರೂ ಆಣೆಯಿಡಲಾರರು. ಗೆದ್ದವರ ಗೆಲುವಿಗೂ ಅಂಟಿಕೊಳ್ಳುವ ಈ ಸಂದೇಹವೇ ಕೆಟ್ಟ ನಿಯಮವು ಆಟಕ್ಕೆ ಮಾಡುವ ದೊಡ್ಡ ಅಪಕಾರ. ಇದಲ್ಲದೆ, ತಂಡಗಳ ವಾರ್ಷಿಕ ವೆಚ್ಚಕ್ಕೂ ಆಗ ಮಿತಿಯಿದ್ದಿತು; 2023ರಲ್ಲಿ ಅದರ ಮೂಲಮಿತಿಯು 13 ಕೋಟಿ 50 ಲಕ್ಷ ಡಾಲರು. ಒಡೆದ ಬಂಡಿಯನ್ನು ಕಟ್ಟಿದ ಖರ್ಚು ಕೈಯಿಂದ ಬಿದ್ದುದೂ ಫೆರಾರಿಗೇ. ಆ ತಂಡದ ಮುಖ್ಯಸ್ಥ ಫ್ರೆಡ್ ವಾಸರ್ ಇದು ಒಪ್ಪತಕ್ಕುದಲ್ಲವೆಂದು ಅಂದೇ ಬಹಿರಂಗವಾಗಿ ಹೇಳಿದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ರಸ್ತೆಯ ಕಡೆಗೆ ತಿರುಗಿ ನೋಡಬೇಕು. ಬೇರೆ ಊರುಗಳಲ್ಲಿ ಪಂದ್ಯವನ್ನು ಸಾಮಾನ್ಯವಾಗಿ ಸ್ಥಳೀಯರಾದ ವ್ಯವಸ್ಥಾಪಕರು ನಡೆಸುತ್ತಾರೆ. ತಪ್ಪಾದರೆ ಅವರನ್ನು ಕೇಳಬಹುದು. ಲಾಸ್ ವೇಗಸ್ಸಿನಲ್ಲಿ ಹಾಗಿರಲಿಲ್ಲ. ಫಾರ್ಮುಲಾ ಒನ್ ಪಂದ್ಯಮಾಲೆಯ ವ್ಯಾಪಾರವನ್ನು ನಡೆಸುವ ಸಂಸ್ಥೆಯೇ, ಅದರ ಒಡೆತನವುಳ್ಳ ಲಿಬರ್ಟಿ ಮೀಡಿಯ ಕಂಪೆನಿಯೇ, ಅಲ್ಲಿ ವ್ಯವಸ್ಥಾಪಕರ ಸ್ಥಾನದಲ್ಲಿಯೂ ನಿಂತಿತ್ತು. ಹಾದಿಯನ್ನು ಪರೀಕ್ಷಿಸಿ ಒಪ್ಪಿಗೆಯ ಮುದ್ರೆಯನ್ನು ಒತ್ತಿದುದು ಎಫ್.ಐ.ಎ. ಆಟದ ಒಡೆಯರೂ ಆಟದ ನ್ಯಾಯಾಧೀಶರೂ ಕೂಡಿ ಅಣಿಗೊಳಿಸಿದ ಹಾದಿಯು ಎಂಟು ನಿಮಿಷಗಳಲ್ಲಿ ಒಡೆಯಿತು. ಆದರೂ ಪಂದ್ಯದ ಪಟ್ಟಿಯಲ್ಲಿ ಹಿಂದೆ ಸರಿದವನು ಆಟಗಾರನೊಬ್ಬನೇ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು ಎಂದು ಹೇಳಿದರೆ ಸಾಲದು. ಮೇದ ಬೇಲಿಯು ಹೊಲದವನಿಂದಲೇ ಕಂದಾಯವನ್ನೂ ಕೇಳಿತು.

ಪ್ರೇಕ್ಷಕರ ಪಾಡೂ ಇದೇ. ದೂರದೂರದಿಂದ ಬಂದು, ಹಣ ತೆತ್ತು, ಚಳಿಯಲ್ಲಿ ಕುಳಿತಿದ್ದ ಜನರು ಕಂಡದ್ದು ಎಂಟು ನಿಮಿಷಗಳ ಓಟ. ಎರಡನೆಯ ಅಭ್ಯಾಸವು ಮೊದಲಾಗುವ ಮುನ್ನವೇ, ನಡುರಾತ್ರಿ ಒಂದೂವರೆ ಗಂಟೆಗೆ, ಅವರನ್ನು ಹೊರಗೆ ಕಳುಹಿಸಿ ಬಾಗಿಲನ್ನು ಮುಚ್ಚಿದರು. ಅದೊಂದು ದಿನದ ಚೀಟಿ ಕೊಂಡವರಿಗೆ, ಪಂದ್ಯದವರದೇ ಅಂಗಡಿಯಲ್ಲಿ ಸಾಮಾನು ಕೊಳ್ಳಲು 200 ಡಾಲರುಗಳ ರಿಯಾಯಿತಿಯನ್ನು ಕೊಡುವೆವೆಂದು ಆಮೇಲೆ ಸಾರಿದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಕೆಲವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಓಡಿದವನಿಗೆ ಒಂದು ಬಗೆಯ ನಷ್ಟ, ನೋಡಬಂದವನಿಗೆ ಇನ್ನೊಂದು ಬಗೆಯ ನಷ್ಟ. ಎರಡಕ್ಕೂ ಮೂಲವು ಒಂದೇ ಮುಚ್ಚಳ.

ಕೋಟ್ಯಧೀಶರ ಆಟದಲ್ಲಿ ಒಬ್ಬನು ಹತ್ತು ಹೆಜ್ಜೆ ಹಿಂದೆ ನಿಂತರೆ ಗೃಹಸ್ಥರಿಗೆ ಆಗಬೇಕಾದುದೇನು ಎಂದು ಕೆಲವು ವಾಚಕರು ಕೇಳಿಯಾರು. ಆಗಬೇಕಾದುದು ಉಂಟು. ಆಟವು ಎಷ್ಟೇ ದೂರದ್ದಾಗಿರಲಿ, ಅದರಲ್ಲಿ ಅಡಗಿರುವ ಪ್ರಶ್ನೆಯು ಎಲ್ಲರ ಮನೆಯ ಮುಂದಣ ಬೀದಿಯದು: ದಾರಿ ಕೆಟ್ಟಾಗ ಹೊಣೆಯು ದಾರಿಯನ್ನು ಇಟ್ಟುಕೊಂಡವನದೋ, ದಾರಿ ನಡೆದವನದೋ? ಗುಂಡಿಗೆ ಬಿದ್ದು ಕೈ ಮುರಿದುಕೊಂಡವನನ್ನು ಕಣ್ಣು ಕಾಣದೆ ಓಡಿಸಿದೆಯಾ ಎಂದು ಕೇಳುವವರು ಯಾವ ಊರಿನಲ್ಲಿ ಇಲ್ಲ? ಗುಂಡಿಯನ್ನು ಬಿಟ್ಟವನನ್ನು ಕೇಳುವವರು ಎಷ್ಟು ಮಂದಿ? ಭಾರತದ ಕಾನೂನು ಈ ಪ್ರಶ್ನೆಗೆ ಉತ್ತರವನ್ನು ಬರೆದಿಟ್ಟಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ 198ಎ ಪ್ರಕರಣವು, ರಸ್ತೆಯ ರಚನೆಯಲ್ಲಾಗಲಿ ಪೋಷಣೆಯಲ್ಲಾಗಲಿ ಗೊತ್ತಾದ ಮಟ್ಟವನ್ನು ಪಾಲಿಸದೆ ಸಾವಿಗೋ ಅಂಗವೈಕಲ್ಯಕ್ಕೋ ಕಾರಣರಾದ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸುತ್ತದೆ. ಅದೇ ವರ್ಷ ಕರ್ನಾಟಕದ ಉಚ್ಚ ನ್ಯಾಯಾಲಯವೂ, ಬೆಂಗಳೂರಿನ ರಸ್ತೆಗುಂಡಿಗಳಿಂದ ನೊಂದವರು ನಗರಪಾಲಿಕೆಯಿಂದ ಪರಿಹಾರವನ್ನು ಕೇಳಬಹುದೆಂದು ಹೇಳಿತು. ಬರೆದುದೆಲ್ಲ ನಡೆಯುತ್ತದೆಂದು ಯಾರೂ ಹೇಳರು. ಆದರೆ ಹೊಣೆಯ ಬೆರಳು ಯಾವ ಕಡೆಗೆ ತಿರುಗಬೇಕೆಂಬುದರಲ್ಲಿ ಇಲ್ಲಿಯ ಶಾಸನಕ್ಕೆ ಸಂದೇಹವಿಲ್ಲ. ಬಡ ರಸ್ತೆಗಳ ದೇಶವು ಕಾಗದದ ಮೇಲಾದರೂ ಒಪ್ಪಿಕೊಂಡ ಧರ್ಮವನ್ನು ಸಿರಿವಂತರ ಆಟವು ಕಾಗದದ ಮೇಲೂ ಒಪ್ಪದಿದ್ದುದು ನಾಚಿಕೆಗೇಡು.

ಪರಿಹಾರವು ಕಷ್ಟವಾದುದಲ್ಲ. ಆ ಆಟದ ನಿಯಮಪುಸ್ತಕವು ವರ್ಷವರ್ಷವೂ ಪರಿಷ್ಕಾರ ಹೊಂದತಕ್ಕುದು. ಯಾವ ವರ್ಷದ ಪುಸ್ತಕದಲ್ಲಿಯೇ ಆಗಲಿ ಮೂರು ಮಾತುಗಳು ಇರಲೇಬೇಕು. ಹಾನಿಗೆ ಹಾದಿಯೇ ಕಾರಣವೆಂದು ಒಕ್ಕೂಟದ ಪರೀಕ್ಷಕರು ಬರೆದುಕೊಟ್ಟಾಗ ದಂಡವನ್ನು ಬಿಡುವ ಅಧಿಕಾರವು ತೀರ್ಪುಗಾರರಿಗೆ ಇರಬೇಕು, ಇದು ಮೊದಲನೆಯದು. ಅಂತಹ ಹಾನಿಯ ಖರ್ಚನ್ನು ಪಂದ್ಯ ನಡೆಸಿದವರು ಭರಿಸಬೇಕು, ಅದು ತಂಡದ ವೆಚ್ಚದ ಮಿತಿಯೊಳಗೆ ಸೇರಕೂಡದು, ಇದು ಎರಡನೆಯದು. ಬಂಡಿಗಳ ಅಡಿಯನ್ನು ಅಳೆಯುವ ಕಟ್ಟುನಿಟ್ಟಿನಿಂದಲೇ ಹಾದಿಯ ಪ್ರತಿಯೊಂದು ಮುಚ್ಚಳವನ್ನೂ ಅದರ ಚೌಕಟ್ಟನ್ನೂ ಓಟಕ್ಕೆ ಮುನ್ನ ಪರೀಕ್ಷಿಸಿ, ಪರೀಕ್ಷಿಸಿದವರ ಹೆಸರಿನೊಡನೆ ಆ ಲೆಕ್ಕವನ್ನು ಪ್ರಕಟಿಸಬೇಕು; ಇದು ಮೂರನೆಯದು. ಮೊದಲಿನ ಎರಡು ನೊಂದವನಿಗಾಗಿ; ಮೂರನೆಯದು ಇನ್ನೊಬ್ಬನು ನೋಯದಿರುವುದಕ್ಕಾಗಿ. 2023ರ ಆ ರಾತ್ರಿ ಕಬ್ಬಿಣವು ಬಂಡಿಯ ಅಡಿಯನ್ನು ಸೀಳಿತು. ಎರಡು ಗೇಣು ಮೇಲೆದ್ದು ಹಿಂದಿನವನ ತಲೆಗೆ ಬಡಿದಿದ್ದರೆ, ಹತ್ತು ಸ್ಥಾನಗಳ ಮಾತನ್ನು ಆಡುವುದಕ್ಕೆ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅಜ್ಜಿಯ ಕಥೆಯ ಕೊನೆಯಲ್ಲಿ ಅರಸನು ತನ್ನ ಅವಿವೇಕಕ್ಕೆ ತಾನೇ ಬಲಿಯಾಗಿ ಶೂಲವನ್ನು ಏರುತ್ತಾನೆ. ಲಾಸ್ ವೇಗಸ್ಸಿನ ಕಥೆಯಲ್ಲಿ ಯಾರೂ ಶೂಲಕ್ಕೆ ಏರಬೇಕಾಗಿಲ್ಲ. ಗೋಡೆ ಬಿದ್ದಾಗ ಗೋಡೆಯವನನ್ನು ಕೇಳುವ ಪದ್ಧತಿಯೊಂದು ಬಂದರೆ ಸಾಕು. ಗೋಡೆಗಳು ತಾವಾಗಿಯೇ ಭದ್ರವಾಗುವುವು.